ಬಂಡೆಗೆ ಅಂಟುವ ಚಿತ್ರ, ನೀರಲ್ಲಿ ಜಾರುವ ಚಿತ್ರ

ಬಾದಾಮಿಯ ಮೂರನೇ ಗುಹೆಯಲ್ಲಿ ಕತ್ತೆತ್ತಿ ನೋಡಿದರೆ ಸೂರಿನಡಿ ಹಳೆಯ ಬಣ್ಣದ ಚಿತ್ರಗಳ ಕುರುಹು ಕಾಣುತ್ತದೆ. ಚಾಲುಕ್ಯರ ಮಂಗಳೇಶ 578ರಲ್ಲಿ ಶಾಸನ ಬರೆಸಿದ ಗುಹೆ ಇದು. ಮಾಸಿದ ಬಣ್ಣವನ್ನು, ಬಂಡೆಗೆ ಬೆರಳೂ ತಾಗಿಸದೆ, ಮತ್ತೆ ತುಂಬಿ ನೋಡಬಹುದೇ? ಮೊಬೈಲಿನ ಪರದೆಯಲ್ಲಿ ನೋಡಬಹುದು. ಎದುರಿನ ನಿಜ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರವನ್ನು ಕೂರಿಸುವ ಈ ತಂತ್ರಕ್ಕೆ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಎನ್ನುತ್ತಾರೆ.

ಚಿತ್ರ ಬರೆಯುವುದು ದೊಡ್ಡ ಮಾತಲ್ಲ. ನೀವು ಎರಡು ಹೆಜ್ಜೆ ಸರಿದರೂ ಅದು ಬಂಡೆ ಬಿಟ್ಟು ಕದಲಬಾರದಲ್ಲ, ಕಷ್ಟ ಇರುವುದೇ ಅಲ್ಲಿ. ಜಿಪಿಎಸ್ ನಂಬಿದರೆ ಕೆಲವು ಮೀಟರ್ ಆಚೀಚೆ ಆದೀತು. ಗುಹೆಯೊಳಗಂತೂ ಉಪಗ್ರಹದ ಸಂಕೇತವೇ ಸರಿಯಾಗಿ ಸಿಗದು. ಹಾಗಾಗಿ ಕ್ಯಾಮೆರಾ ಗುರುತು ಹುಡುಕುತ್ತದೆ: ಉಳಿಯ ಏಟು, ಕಂಬದ ಮೂಲೆ, ಕಲ್ಲಿನ ಗೀರು. ‘ಹುಣಸೆಮರದ ಎಡಕ್ಕೆ, ಗುಡಿಯ ಎದುರಿಗೆ’ ಎಂದು ನಾವು ಮನೆಯ ದಾರಿ ಹೇಳುತ್ತೇವಲ್ಲ, ಹಾಗೆ. ನೀವು ಸರಿದಾಗ ಹತ್ತಿರದ ಗುರುತು ಪರದೆಯಲ್ಲಿ ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಈ ವ್ಯತ್ಯಾಸಕ್ಕೆ ತನ್ನೊಳಗಿನ ಗೈರೋಸ್ಕೋಪು, ಆಕ್ಸೆಲರೋಮೀಟರುಗಳ ಲೆಕ್ಕ ಸೇರಿಸಿ ಫೋನು ತಾನೆಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತದೆ.

ಬೇಕಿದ್ದರೆ ಪರೀಕ್ಷಿಸಿ. ಸುಣ್ಣ ಬಳಿದ ಬರೀ ಗೋಡೆಯ ಮೇಲೆ ಎಆರ್ ಚಿತ್ರ ಅತ್ತಿತ್ತ ಅಲೆಯುತ್ತದೆ. ಅದೇ ಗೋಡೆಗೆ ಅವ್ವನ ಇಳಕಲ್ ಸೀರೆ ತೂಗುಹಾಕಿ. ದಡಿ, ತೇನಿ ಸೆರಗಿನ ಗೆರೆಗಳು ಗುರುತಾಗಿ ಸಿಗುವುದರಿಂದ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿ ಬೀಸಬಾರದು, ಅಷ್ಟೇ. (ಸೀರೆ ತೆಗೆಯುವ ಮುಂಚೆ ಕೇಳಿ!)

ಕಲ್ಲಿನ ಅಕ್ಷರಕ್ಕೆ ಇನ್ನೂ ಸೂಕ್ಷ್ಮ ಅಳತೆ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಅಕ್ಷರದ ತಗ್ಗೂ ಅದರಲ್ಲಿ ದಾಖಲಾಗುತ್ತದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಇಂಥ ಅಳತೆ ಇದ್ದರೆ ಅದರ ಸಾಲುಗಳ ಮೇಲೆಯೇ ಇಂದಿನ ಕನ್ನಡದ ಅರ್ಥ ತೇಲಿಸಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ನೋಡುವ ಆಸೆ ಬಾಗಲಕೋಟೆಯದು. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಮುಳುಗಡೆಯಾಗಿ ಮಂದಿ ನವನಗರಕ್ಕೆ ಬಂದರು. ಆ ಓಣಿಗಳನ್ನು ನೀರಿನ ಮೇಲೆ ಎಬ್ಬಿಸಿ ನಿಲ್ಲಿಸಬಹುದೇ? ಗುರುತು ಹುಡುಕುವ ಕ್ಯಾಮೆರಾಕ್ಕೆ ನೀರು ಕೆಟ್ಟ ಜಾಗ. ಅಲೆಯೂ ನೆರಳೂ ಕ್ಷಣಕ್ಕೊಂದು ಥರ, ಬೇಸಿಗೆ ಬಂದರೆ ದಂಡೆಯೇ ಹಿಂದೆ ಸರಿಯುತ್ತದೆ. ಮೇಲೆ ಉಳಿದಿರುವ ಕಟ್ಟಡಗಳನ್ನೇ ಗುರುತು ಹಿಡಿದು ಅಳೆಯಬೇಕು. ಕಟ್ಟೆ ಎಲ್ಲಿತ್ತು, ಬಾವಿ ಯಾವ ಬದಿಗಿತ್ತು ಎಂಬುದು ಯಾವ ಫೋನಿಗೂ ಗೊತ್ತಿಲ್ಲ. ಹಳೇ ನಕಾಶೆ, ಮದುವೆ ಫೋಟೊ ಹುಡುಕಿ. ಮುತ್ಯಾನನ್ನು, ಆಯಿಯನ್ನು ಕೇಳಿ. ಇಬ್ಬರೂ ಬೇರೆ ಬೇರೆ ಕಡೆ ಕೈ ತೋರಿಸಿದರೆ ಬಾವಿಯನ್ನು ಎರಡೂ ಕಡೆ ತೆಳುವಾಗಿ ಬರೆದು, ಪಕ್ಕದಲ್ಲೇ ‘ಖಾತ್ರಿ ಇಲ್ಲ’ ಎಂದು ಹಾಕಿ.