ನೆರೆಯವರ ಸಂತೆಗೆ ನಾವೂ ಸೇರಬೇಕೆ?

ಸುಂಕವೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಸಂಸ್ಕೃತದ ಶುಲ್ಕವೇ ನಮ್ಮ ಬಾಯಲ್ಲಿ ತದ್ಭವವಾಗಿ ಸುಂಕವಾಯಿತು. ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ಬಿಲ್ಕೊಡೆ ಎಂದು ಅದರ ಬಗೆಗಳನ್ನು ಎಣಿಸಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಿಮಗೂ ಗೊತ್ತು. ಈಗಿನ ಪ್ರಶ್ನೆಯಾದರೋ ಆ ಸುಂಕದವನನ್ನೇ ಗಡಿಯಿಂದ ಎಬ್ಬಿಸಿ ಕಳುಹಿಸಬಹುದೆ ಎಂಬುದು. ನೆರೆಯ ಹಲವು ದೇಶಗಳು ಕೂಡಿ, ತಮ್ಮತಮ್ಮೊಳಗಿನ ಸುಂಕವನ್ನು ಇಳಿಸುತ್ತ ಬಂದು ಬಹುಮಟ್ಟಿಗೆ ತೆಗೆದೇಹಾಕುವ ಒಪ್ಪಂದಕ್ಕೆ, ಇನ್ನೂ ಬೆಳೆಯುತ್ತಿರುವ ನಮ್ಮಂತಹ ದೇಶ ಸೇರಬೇಕೆ, ಬೇಡವೆ?

ಇದು ದೆಹಲಿಯವರ ಮಾತು, ಶಾಮನೂರಿನವರಿಗೇಕೆ ಎನ್ನಬೇಡಿ. ಆಗ್ನೇಯ ಏಷ್ಯದ ಹತ್ತು ದೇಶಗಳು, ಚೀನ, ಜಪಾನ್, ದಕ್ಷಿಣ ಕೊರಿಯ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಇವುಗಳೊಡನೆ ಭಾರತವೂ ಸೇರಿ 2012ರಲ್ಲಿ ಇಂತಹ ಒಂದು ಮಾತುಕತೆಗೆ ತೊಡಗಿತು. ಪತ್ರಿಕೆಗಳಲ್ಲಿ ಆರ್‌ಸಿಇಪಿ ಎಂದು ನೀವು ಓದಿದ್ದುದು ಇದನ್ನೇ. ಏಳು ವರ್ಷ ಮಾತನಾಡಿ, 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ಉಳಿದ 15 ದೇಶಗಳು ಮರುವರ್ಷ ರುಜು ಹಾಕಿದವು. 2022ರ ಜನವರಿಯಲ್ಲಿ ಒಪ್ಪಂದ ಜಾರಿಗೆ ಬಂದಿತು.

ಆಗ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿದ್ದು ಹಾಲಿನ ವಿಷಯದಲ್ಲಿ. ಬೆಳಗಿನ ಹೊತ್ತು ಸುತ್ತಿನ ಯಾವ ಹಳ್ಳಿಗೆ ಹೋದರೂ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರನ್ನು ಕಾಣುವಿರಿ. ಒಬ್ಬೊಬ್ಬರದು ನಾಲ್ಕು ಲೀಟರು, ಆರು ಲೀಟರು, ಅಷ್ಟೆ. ಬತ್ತದ ಹಣ ವರ್ಷಕ್ಕೆ ಎರಡು ಸಲ, ಅದೂ ಭದ್ರಾ ನಾಲೆ ಕೃಪೆಮಾಡಿದರೆ. ಹಾಲಿನ ಬಟವಾಡೆ ಹಾಗಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಕೈಸೇರುತ್ತದೆ. ಪರೀಕ್ಷೆಯ ಶುಲ್ಕ ಕೇಳಿದಾಗ, “ಬಟವಾಡೆ ಆಗಲಿ ಸಾರ್, ಕೊಡ್ತೀನಿ” ಎನ್ನುವ ಹುಡುಗರು ನನ್ನ ಪ್ರತಿ ತರಗತಿಯಲ್ಲೂ ಇದ್ದಾರೆ. ಅತ್ತ ನ್ಯೂಜಿಲೆಂಡನ್ನು ನೋಡಿ. ಜನ ಸುಮಾರು 50 ಲಕ್ಷ. ಕರೆದ ಹಾಲಿನಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಮಿಕ್ಕಿ ಹೊರದೇಶಕ್ಕೆ ಹೋಗಬೇಕು. ಅಲ್ಲಿ ಒಬ್ಬೊಬ್ಬ ರೈತನ ಮಂದೆಯಲ್ಲಿ ನೂರಾರು ಹಸು. ನಮ್ಮಲ್ಲಿ ಹಾಲಿನ ಪುಡಿಯ ಆಮದಿಗೆ ಶೇಕಡ 60ರ ಸುಂಕವಿದೆ. ಅದು ಕರಗಿದರೆ ಹಾಲು ಹಡಗಿನಲ್ಲಿ ಬರುವುದಿಲ್ಲ, ಪುಡಿ ಬರುತ್ತದೆ. ಒಕ್ಕೂಟದವರು ಮಿಗತೆಯ ಹಾಲನ್ನು ಪುಡಿಮಾಡಿ ಮಾರುವ ದಾರಿ ಕಟ್ಟುತ್ತದೆ. ಆ ಪೆಟ್ಟು ಡೇರಿಯ ದರದ ಮೇಲೆಯೇ ಬೀಳುವುದು.

ಇನ್ನೊಂದು ತೊಡಕು ಮೂಲದ್ದು. ಸರಕು ಎಲ್ಲಿ ಬೆಳೆಯಿತು ಎಂಬುದಕ್ಕೆ ಸಾಕ್ಷಿ ಒಂದು ಕಾಗದ. ಶ್ರೀಲಂಕೆಯೊಡನೆ ನಮಗೆ 1998ರಲ್ಲೇ ಒಪ್ಪಂದವಾಯಿತು. ಕಾಗದದಲ್ಲಿ ಲಂಕೆ, ಚೀಲದಲ್ಲಿ ವಿಯೆಟ್ನಾಮಿನ ಮೆಣಸು ಎಂದು ನಮ್ಮ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಬರಕೂಡದೆಂದು ಸರ್ಕಾರ ಕಟ್ಟುಮಾಡಬೇಕಾಯಿತು. ಚನ್ನಗಿರಿಯ ಅಡಕೆಯವರ ಗೋಳೂ ಇಂತಹುದೇ; 2023ರಲ್ಲಿ ಅಡಕೆಯ ಆಮದಿನ ಕನಿಷ್ಠ ಬೆಲೆಯನ್ನು 351 ರೂಪಾಯಿಗೆ ಏರಿಸಿದರು.

ಹಾಗಾದರೆ ಬಾಗಿಲು ಹಾಕಿಕೊಂಡರೆ ಕ್ಷೇಮವೆ? ದಾವಣಗೆರೆಯವರು ಹಾಗೆನ್ನಲಾರರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ನಮ್ಮ ಹತ್ತಿಯ ಮಿಲ್ಲುಗಳು ಸೊರಗತೊಡಗಿದ್ದು ಸುಂಕದ ಗೋಡೆ ಬಲು ಎತ್ತರವಾಗಿದ್ದ ಕಾಲದಲ್ಲೇ. ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಇವನ್ನು ಯಾವ ಗೋಡೆ ತಡೆದೀತು? ಹೊರಗುಳಿದುದಕ್ಕೂ ಬೆಲೆಯುಂಟು. ನೂಲು ಒಂದು ದೇಶದಲ್ಲಿ, ಬಟ್ಟೆ ಇನ್ನೊಂದರಲ್ಲಿ, ಹೊಲಿಗೆ ಮತ್ತೊಂದರಲ್ಲಿ ಎಂದು ಆ 15 ದೇಶಗಳು ಕೆಲಸ ಹಂಚಿಕೊಂಡಾಗ, ನಮ್ಮ ಗಾರ್ಮೆಂಟ್ಸಿನ ಹೆಣ್ಣುಮಕ್ಕಳ ಪಾಲಿಗೆ ಬರುವ ಕೆಲಸ ಅಷ್ಟು ಕಡಿಮೆಯಾಗುತ್ತದೆ.

ನನಗೆ ತೋರುವುದಿಷ್ಟು. ಹದಿನೈದು ಮಂದಿಯೊಡನೆ ಒಂದೇ ಸಲ ಕೂಡುವುದಕ್ಕಿಂತ, ಒಬ್ಬೊಬ್ಬರೊಡನೆ ಕೂತು, ಬಿಟ್ಟುಕೊಡಲಾಗದ್ದನ್ನು ಮೊದಲೇ ಹೇಳಿ ವ್ಯವಹರಿಸುವುದು ಮೇಲು. 2022ರಲ್ಲಿ ಆಸ್ಟ್ರೇಲಿಯದೊಡನೆ ಹಾಗೆ ಮಾಡಿದರು. ಹಾಲನ್ನು ಹೊರಗಿಟ್ಟೇ ರುಜು ಹಾಕಿದರು. ಹಾಲಿಗೆ ದನಿಯಿದೆ, ಒಕ್ಕೂಟವಿದೆ. ನಮ್ಮ ಜಿಲ್ಲೆಯ ಮೆಕ್ಕೆಜೋಳಕ್ಕೆ ಅಂತಹ ದನಿಯಿಲ್ಲ. ಯಾವ ಒಪ್ಪಂದವೂ ಇಲ್ಲದೆಯೇ 2020ರ ಜೂನಿನಲ್ಲಿ 5 ಲಕ್ಷ ಟನ್ನಿನವರೆಗೆ ಮೆಕ್ಕೆಜೋಳವನ್ನು ಶೇಕಡ 50ರ ಬದಲು 15ರ ಸುಂಕಕ್ಕೆ ತರಿಸಲು ಅಪ್ಪಣೆ ಆಗಿತ್ತು. ಮುಂದಿನ ಒಪ್ಪಂದದ ಸುದ್ದಿ ಬಂದಾಗ, ಹೊರಗಿಟ್ಟ ಸರಕುಗಳ ಪಟ್ಟಿಯಲ್ಲಿ ಮೆಕ್ಕೆಜೋಳವಿದೆಯೆ ಎಂಬುದನ್ನು ನೀವು ಮೊದಲು ನೋಡಿ.