ಇಮಾಮ್ ಗಝಾಲಿ ಬಗ್ದಾದನ್ನು ಬಿಟ್ಟದ್ದೇಕೆ?: ಇಸ್ಲಾಮಿನಲ್ಲಿ ಮನಶ್ಶಾಂತಿಯ ಪ್ರಶ್ನೆ

ಅರಬಿ ಮತ್ತು ಪಾರಸಿ ಗ್ರಂಥಗಳ ಸಾರವನ್ನು ಕನ್ನಡದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿಯೇ ತಿಳಿಸಬೇಕೆಂದು ಜೀವಮಾನವಿಡೀ ಶ್ರಮಿಸಿದ ಹಿರಿಯ ಗುರುಗಳ ಹೆಸರಿನಲ್ಲಿ ಸ್ಥಾಪಿತವಾಗಿರುವ ಈ ದತ್ತಿಯ ವೇದಿಕೆಗೆ ಆಹ್ವಾನ ಬರುವುದು ಯಾವ ಅಭ್ಯಾಸಿಗೂ ದೊಡ್ಡ ಗೌರವ. ವಿಶಾಲವಾದ ವಿಷಯವನ್ನು ಒಂದು ಗ್ರಂಥದ ಒಂದು ಪ್ರಕರಣಕ್ಕೆ ತಂದು ನಿಲ್ಲಿಸಿ, ಅಲ್ಲಿಂದಲೇ ಪಾಠವನ್ನು ಬೆಳೆಸುವುದು ಆ ಗುರುಗಳ ಪದ್ಧತಿಯಾಗಿತ್ತೆಂದು ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ. ಆಧುನಿಕ ಬದುಕಿನ ಒತ್ತಡದಲ್ಲಿ ಇಸ್ಲಾಂ ಧರ್ಮಶ್ರದ್ಧೆಯಿಂದ ದೊರೆಯುವ ಮನಶ್ಶಾಂತಿಯನ್ನು ಕುರಿತ ಈ ಉಪನ್ಯಾಸವೂ ಅದೇ ಪದ್ಧತಿಯನ್ನು ಅನುಸರಿಸಿ, ಹನ್ನೊಂದನೆಯ ಶತಮಾನದ ಮಹಾವಿದ್ವಾಂಸ ಇಮಾಮ್ ಅಬೂ ಹಾಮಿದ್ ಗಝಾಲಿಯವರ ಬಿಕ್ಕಟ್ಟನ್ನು ಹತ್ತಿರದಿಂದ ನೋಡುತ್ತದೆ.

ನಮಾಝ್, ಉಪವಾಸ, ಝಕಾತ್ ಮುಂತಾದ ಮೂಲಾಚರಣೆಗಳ ವಿವರ ಕನ್ನಡದ ಅನೇಕ ಪುಸ್ತಕಗಳಲ್ಲಿ ಸಿಗುವುದರಿಂದ ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಕುರ್‌ಆನಿನ 13ನೆಯ ಅಧ್ಯಾಯದ 28ನೆಯ ವಚನವು ಹೃದಯದ ನೆಮ್ಮದಿಯನ್ನು ದೇವಸ್ಮರಣೆಗೆ, ಅಂದರೆ ಝಿಕ್ರ್‌ಗೆ, ಜೋಡಿಸುತ್ತದೆ. ಕೆಡುಕಿನತ್ತ ಎಳೆಯುವ ‘ನಫ್ಸೆ ಅಮ್ಮಾರ’, ತನ್ನನ್ನು ತಾನೇ ದೂಷಿಸಿಕೊಳ್ಳುವ ‘ನಫ್ಸೆ ಲವ್ವಾಮ’, ನೆಲೆನಿಂತ ‘ನಫ್ಸೆ ಮುತ್ಮಇನ್ನ’ ಎಂದು ಮನಸ್ಸಿನ ಮೂರು ಸ್ಥಿತಿಗಳನ್ನು ಸೂಫಿಗಳೂ ವ್ಯಾಖ್ಯಾನಕಾರರೂ ಕುರ್‌ಆನಿನ ಆಧಾರದಿಂದಲೇ ಗುರುತಿಸುತ್ತಾರೆ. ಇವೆಲ್ಲ ಪರಿಚಿತ ಸಂಗತಿಗಳು. ಅಷ್ಟಾಗಿ ಗಮನಕ್ಕೆ ಬಾರದಿರುವುದು ಎರಡನೆಯ ಅಧ್ಯಾಯದ 260ನೆಯ ವಚನ. ಸತ್ತವರನ್ನು ಹೇಗೆ ಬದುಕಿಸುವೆ ಎಂದು ಪ್ರವಾದಿ ಇಬ್ರಾಹೀಮರು ದೇವರನ್ನೇ ಕೇಳುತ್ತಾರೆ. ವಿಶ್ವಾಸವಿಲ್ಲವೇ ಎಂಬ ಪ್ರಶ್ನೆಗೆ, ವಿಶ್ವಾಸವಿದೆ, ಹೃದಯಕ್ಕೆ ಸಮಾಧಾನವಾಗಲೆಂದು ಕೇಳುತ್ತಿದ್ದೇನೆ ಎಂಬರ್ಥದ ಉತ್ತರ ಕೊಡುತ್ತಾರೆ. ಆ ಪ್ರಶ್ನೆಗಾಗಿ ದೇವರು ಅವರ ಮೇಲೆ ಕೋಪಿಸಿಕೊಳ್ಳುವುದಿಲ್ಲ. ಪ್ರಶ್ನೆ ಕೇಳುವವನಿಗೆ ನೆಮ್ಮದಿ ಸಿಗದು ಎಂದು ಉಪದೇಶಿಸುವವರು ಈ ವಚನವನ್ನು ಮತ್ತೊಮ್ಮೆ ಓದಬೇಕು.

ಗಝಾಲಿಯವರು ಖುರಾಸಾನಿನ ತೂಸ್ ಪ್ರದೇಶದವರು. ನೈಶಾಪುರದಲ್ಲಿ ಜುವೈನಿಯವರ ಬಳಿ ಓದಿ, 1091ರಲ್ಲಿ ಸೆಲ್ಜುಕ್ ವಜೀರ ನಿಝಾಮುಲ್ ಮುಲ್ಕ್ ಅವರಿಂದ ಬಗ್ದಾದಿನ ನಿಝಾಮಿಯಾ ಮದರಸದ ಪ್ರಧಾನ ಅಧ್ಯಾಪಕರಾಗಿ ನೇಮಕಗೊಂಡರು. ಅದು ಅಂದಿನ ಮುಸ್ಲಿಂ ಜಗತ್ತಿನ ಅತ್ಯುನ್ನತ ವಿದ್ಯಾಪೀಠಗಳಲ್ಲಿ ಒಂದು. 1095ರ ಜುಲೈಯಲ್ಲಿ ಆರಂಭವಾದ ತಳಮಳ ಆರು ತಿಂಗಳ ಹತ್ತಿರ ಅವರನ್ನು ಕಾಡಿತೆಂದು ಅವರ ಆತ್ಮಕಥನ ‘ಅಲ್ ಮುನ್ಖಿಝ್ ಮಿನಲ್ ಝಲಾಲ್’ ಹೇಳುತ್ತದೆ. ಕಾದು ಕುಳಿತ ಶಿಷ್ಯರಿಗಾಗಿಯಾದರೂ ಒಂದು ದಿನ ಪಾಠ ಹೇಳಬೇಕೆಂದು ಯತ್ನಿಸಿದರೆ ನಾಲಿಗೆಯಿಂದ ಒಂದು ಮಾತೂ ಹೊರಡದು. ಮಾತು ನಿಂತ ದುಃಖ ಎದೆಯೊಳಗಿಳಿದು ಹಸಿವೆ ಸತ್ತಿತು. ಒಂದು ತುತ್ತು ಅರಗದು, ಒಂದು ಗುಟುಕು ಇಳಿಯದು. ವೈದ್ಯರು ಪರೀಕ್ಷಿಸಿ, ರೋಗ ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹಬ್ಬಿದೆ, ಒಳಗಿನ ಚಿಂತೆ ಕಳೆಯದೆ ಔಷಧದಿಂದ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದರು. ಕೊನೆಗೆ ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಹಣವನ್ನು ಹಂಚಿ, ಮಕ್ಕಾಕ್ಕೆ ಹೊರಟಿರುವುದಾಗಿ ಹೇಳಿಕೊಂಡು, ಮನಸ್ಸಿನಲ್ಲಿ ಸಿರಿಯಾದ ದಾರಿಯನ್ನಿಟ್ಟುಕೊಂಡು ಆ ವರ್ಷದ ನವೆಂಬರಿನಲ್ಲಿ ಅವರು ಬಗ್ದಾದನ್ನು ಬಿಟ್ಟರು.

ಏಕೆ ಬಿಟ್ಟರು ಎಂಬುದರ ಮೇಲೆ ನೂರು ವರ್ಷಕ್ಕೂ ಮಿಕ್ಕಿ ವಾದ ನಡೆದಿದೆ. 1899ರಲ್ಲಿ ಗಝಾಲಿಯವರ ಜೀವನವನ್ನು ಕುರಿತು ದೀರ್ಘ ಪ್ರಬಂಧ ಬರೆದ ಡಂಕನ್ ಮ್ಯಾಕ್‌ಡೊನಾಲ್ಡ್, ಸೆಲ್ಜುಕ್ ಸುಲ್ತಾನ ಬರ್ಕ್‌ಯಾರುಖ್‌ನ ಆಳ್ವಿಕೆಯ ಕಾಲಕ್ಕೂ ಇಮಾಮರ ಅಜ್ಞಾತವಾಸಕ್ಕೂ ಇರುವ ಹೊಂದಿಕೆಯತ್ತ ಬೆರಳು ತೋರಿದರು. 1950ರ ದಶಕದಲ್ಲಿ ಫರೀದ್ ಜಬ್ರ್ ಇನ್ನೂ ಮುಂದೆ ಹೋಗಿ, ನಿಝಾಮುಲ್ ಮುಲ್ಕ್ 1092ರಲ್ಲಿ ಹತರಾದ ಮೇಲೆ, ಇಸ್ಮಾಯಿಲೀ ಪಂಥದವರ, ಅಂದರೆ ವಿರೋಧಿಗಳು ‘ಬಾತಿನಿ’ಗಳೆಂದು ಕರೆದವರ, ವಿರುದ್ಧ ಗ್ರಂಥ ಬರೆದಿದ್ದ ಗಝಾಲಿ ಪ್ರಾಣಭಯದಿಂದ ಓಡಿದರು ಎಂದು ವಾದಿಸಿದರು. ಈ ಎರಡೂ ವಾದಗಳು ಆಕರ್ಷಕವಾಗಿವೆ, ಎರಡೂ ನಿಲ್ಲುವುದಿಲ್ಲ. ಅಂದಲೂಸಿನ ವಿದ್ವಾಂಸ ಅಬೂಬಕ್ರ್ ಇಬ್ನುಲ್ ಅರಬಿ 1097ರ ಬೇಸಿಗೆಯ ಹೊತ್ತಿಗೆ ಗಝಾಲಿಯವರನ್ನು ಕಂಡದ್ದು ಬಗ್ದಾದಿನಲ್ಲಿಯೇ, ಅದೂ ನಿಝಾಮಿಯಾಕ್ಕೆ ಎದುರಾಗಿದ್ದ ಸೂಫಿಗಳ ತಂಗುಮನೆಯಲ್ಲಿ. ಕೊಲೆಗಡುಕರಿಗೆ ಹೆದರಿ ಊರು ಬಿಟ್ಟವರು ಎರಡು ವರ್ಷ ತುಂಬುವುದರೊಳಗೆ ಅದೇ ಊರಿಗೆ ಮರಳಿ, ಎಲ್ಲರಿಗೂ ಗುರುತಿರುವ ತಮ್ಮ ಹಳೆಯ ಮದರಸದ ಎದುರಿಗೆ ಬಂದು ಇಳಿದುಕೊಳ್ಳುವುದುಂಟೇ? ಬರ್ಕ್‌ಯಾರುಖ್ ಆಗ ಇನ್ನೂ ಸಿಂಹಾಸನದ ಮೇಲಿದ್ದ. ಬಾತಿನಿಗಳ ಅಪಾಯವೂ ಇತ್ತು. ಅಷ್ಟೇ ಅಲ್ಲದೆ ಅವರು ಬಾತಿನಿಗಳ ಖಂಡನೆಯನ್ನು ಊರು ಬಿಟ್ಟ ಮೇಲೂ ಮುಂದುವರಿಸಿದರು.

ಕೆನೆತ್ ಗಾರ್ಡನ್ 2014ರಲ್ಲಿ ಪ್ರಕಟಿಸಿದ ಗ್ರಂಥದ ವಾದ ಇವುಗಳಿಗಿಂತ ಸೂಕ್ಷ್ಮವಾದುದು, ಆದ್ದರಿಂದಲೇ ಹೆಚ್ಚು ಗಂಭೀರವಾದ ಉತ್ತರವನ್ನು ಬೇಡುತ್ತದೆ. 1106ರಲ್ಲಿ ನೈಶಾಪುರದ ನಿಝಾಮಿಯಾಕ್ಕೆ ಮರಳಿದ ಗಝಾಲಿಯವರ ಮೇಲೆ ಅಲ್ಲಿನ ವಿರೋಧಿಗಳು ಎರಗಿದಾಗ ಆತ್ಮಸಮರ್ಥನೆಗಾಗಿ ಬರೆದದ್ದು ‘ಮುನ್ಖಿಝ್’, ಆದುದರಿಂದ ಅಲ್ಲಿನ ಬಿಕ್ಕಟ್ಟಿನ ಕಥನವನ್ನು ಯಥಾವತ್ತಾಗಿ ನಂಬಲಾಗದು ಎಂಬುದು ಅವರ ನಿಲುವು. ಗ್ರಂಥ ಸಮರ್ಥನೆಯ ಉದ್ದೇಶದಿಂದ ಹುಟ್ಟಿತೆಂಬ ಮಾತನ್ನು ಒಪ್ಪಬಹುದು. ಆದರೆ ಉದ್ದೇಶ ತಿಳಿದ ಮಾತ್ರಕ್ಕೆ ಅನುಭವ ಸುಳ್ಳಾಗುವುದಿಲ್ಲ. ತನ್ನನ್ನು ಸಿದ್ಧಪುರುಷನೆಂದು ತೋರಿಸಿಕೊಳ್ಳಬಯಸುವವನು, ಹತ್ತು ವರ್ಷಗಳ ಏಕಾಂತದಲ್ಲಿಯೂ ಸಂಸಾರದ ಚಿಂತೆ ಮತ್ತು ಹೊಟ್ಟೆಪಾಡಿನ ಅಗತ್ಯಗಳು ಮನಸ್ಸನ್ನು ಕದಡುತ್ತಿದ್ದವು, ತಿಳಿಯಾದ ಸ್ಥಿತಿ ಆಗೊಮ್ಮೆ ಈಗೊಮ್ಮೆ ಮಾತ್ರ ಒದಗುತ್ತಿತ್ತು ಎಂದು ಬರೆದಿಡುವುದಿಲ್ಲ. ಈ ಒಪ್ಪಿಕೊಳ್ಳುವಿಕೆಯೇ ಗಝಾಲಿಯವರು ನಂತರದವರಿಗೆ ಬಿಟ್ಟುಹೋದ ಅಮೂಲ್ಯ ಸಾಕ್ಷ್ಯ. ಶಾಂತಿಯೆಂಬುದು ಒಮ್ಮೆ ಕೈಸೇರಿದರೆ ಕಳೆಯದ ಆಸ್ತಿಯಲ್ಲವೆಂದು ಆ ಹಾದಿಯ ಮಹಾಗುರುವೇ ಹೇಳಿದ್ದಾರೆ.

ಇನ್ನೊಂದು ಪುರಾವೆ ಅವರ ಪಾರಸಿ ಪತ್ರಗಳಲ್ಲಿದೆ. ಹೆಬ್ರಾನಿನಲ್ಲಿ ಪ್ರವಾದಿ ಇಬ್ರಾಹೀಮರ ಸಮಾಧಿಯ ಬಳಿ ಅವರು ಮಾಡಿದ ಪ್ರತಿಜ್ಞೆ ಅಲ್ಲಿ ದಾಖಲಾಗಿದೆ: ದೊರೆಗಳ ಆಸ್ಥಾನಕ್ಕೆ ಹೋಗುವುದಿಲ್ಲ, ದೊರೆಗಳ ಹಣ ಮುಟ್ಟುವುದಿಲ್ಲ, ಸಭೆಗಳಲ್ಲಿ ವಾದಕ್ಕೆ ನಿಲ್ಲುವುದಿಲ್ಲ. ಬಗ್ದಾದಿನಲ್ಲಿ ಅವರ ನಾಲಿಗೆಯನ್ನು ಕಟ್ಟಿದ ರೋಗ ಯಾವುದೆಂಬುದಕ್ಕೆ ಈ ಮೂರು ಮಾತುಗಳಿಗಿಂತ ಸ್ಪಷ್ಟವಾದ ನಿದಾನ ಬೇರೆ ಬೇಕಿಲ್ಲ. ಸುಲ್ತಾನನ ಒತ್ತಾಯಕ್ಕೆ ಮಣಿದು ನೈಶಾಪುರಕ್ಕೆ ಹೋದುದರಿಂದ ಪ್ರತಿಜ್ಞೆ ಸಡಿಲಾಯಿತೆಂದು ಟೀಕಿಸುವವರಿದ್ದಾರೆ; ಸಡಿಲಾದದ್ದು ನಿಜ. ಆದರೆ ಬಗ್ದಾದಿನ ಪೀಠಕ್ಕೆ ಮರಳಿ ಕರೆ ಬಂದಾಗ ಅದೇ ಪ್ರತಿಜ್ಞೆಯನ್ನು ಮುಂದಿಟ್ಟು ನಿರಾಕರಿಸಿ, ತೂಸಿನ ತಮ್ಮ ಮನೆಯ ಪಕ್ಕದ ಮದರಸದಲ್ಲಿ ಪಾಠ ಹೇಳುತ್ತ 1111ರಲ್ಲಿ ಅವರು ತೀರಿಕೊಂಡರೆಂಬುದೂ ಅಷ್ಟೇ ನಿಜ. ಈ ಉಪನ್ಯಾಸದ ಮುಖ್ಯ ವಾದ ಇಲ್ಲಿಂದಲೇ ಹೊರಡುತ್ತದೆ: ಗಝಾಲಿಯವರು ಕಂಡುಕೊಂಡ ಶಾಂತಿ ಏಕಾಂತದಿಂದ ಅಥವಾ ಜಪದಿಂದ ಮಾತ್ರ ಬಂದದ್ದಲ್ಲ, ಕೀರ್ತಿ ಮತ್ತು ಗಳಿಕೆಯೊಂದಿಗಿನ ತಮ್ಮ ಸಂಬಂಧವನ್ನು ಅವರು ತಿದ್ದಿಕೊಂಡದ್ದರಿಂದ ಬಂದದ್ದು.

ಗಝಾಲಿಯವರ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ರಚನೆಯೂ ಇದನ್ನೇ ಸಮರ್ಥಿಸುತ್ತದೆ. ನಲವತ್ತು ಪುಸ್ತಕಗಳ ಆ ಮಹಾಗ್ರಂಥದಲ್ಲಿ ಝಿಕ್ರ್ ಒಂಬತ್ತನೆಯದು. ಅದರ ನಂತರ ಊಟ, ದಾಂಪತ್ಯ, ಸಂಪಾದನೆ, ಹಲಾಲ್ ಮತ್ತು ಹರಾಮ್, ನಾಲಿಗೆಯ ಕೆಡುಕು, ಕೋಪ ಇವೆಲ್ಲ ಸಾಲಾಗಿ ಬರುತ್ತವೆ. ಇಪ್ಪತ್ತೆಂಟನೆಯ ಪುಸ್ತಕ ‘ಜಾಹ್’ ಎಂಬ ಪ್ರತಿಷ್ಠೆಯ ಹಂಬಲವನ್ನೂ ‘ರಿಯಾ’ ಎಂಬ ತೋರಿಕೆಯ ಭಕ್ತಿಯನ್ನೂ ಕುರಿತದ್ದು. ಬಗ್ದಾದಿನ ಪೀಠದಲ್ಲಿ ಕುಳಿತವರಲ್ಲದೆ ಬೇರೆಯವರು ಅದನ್ನು ಅಷ್ಟು ಒಳಹೊಕ್ಕು ಬರೆಯಲಾರರು. ಮೂವತ್ತೈದನೆಯದರಲ್ಲಿ ‘ತವಕ್ಕುಲ್’ನ, ಎಂದರೆ ದೇವರ ಮೇಲಿನ ಭರವಸೆಯ, ಚರ್ಚೆಯಿದೆ. ಕೈಕಟ್ಟಿ ಕುಳಿತು ಅನ್ನ ತಾನಾಗಿ ಬಾಯಿಗೆ ಬರಲೆಂದು ಕಾಯುವುದು ಭರವಸೆಯಲ್ಲ, ಬುದ್ಧಿಗೇಡಿತನ ಎಂಬುದು ಅಲ್ಲಿನ ಅಭಿಪ್ರಾಯ. ಸಂಸಾರಸ್ಥನು ಒಂದು ವರ್ಷದ ದಿನಸಿ ಕೂಡಿಟ್ಟರೆ ತವಕ್ಕುಲ್‌ಗೆ ಭಂಗವಿಲ್ಲ. ಮೂವತ್ತೆಂಟನೆಯದರಲ್ಲಿ ‘ಮುಹಾಸಬ’ ಎಂಬ ಆತ್ಮಪರೀಕ್ಷೆಯನ್ನು ಅವರು ವ್ಯಾಪಾರಿಯ ರೀತಿಗೆ ಹೋಲಿಸುತ್ತಾರೆ: ಪಾಲುದಾರನೊಂದಿಗೆ ಬೆಳಿಗ್ಗೆ ಕರಾರು ಮಾಡಿಕೊಂಡು, ಹಗಲೆಲ್ಲ ಅವನ ಮೇಲೆ ಕಣ್ಣಿಟ್ಟು, ಸಂಜೆ ಲೆಕ್ಕ ಕೇಳುವಂತೆ ಮನಸ್ಸಿನಿಂದಲೂ ಲೆಕ್ಕ ಕೇಳಬೇಕು.

ಇಂದಿನ ಎರಡು ಪ್ರಬಲ ಅಭಿಪ್ರಾಯಗಳನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ 1975ರ ತಮ್ಮ ಪುಸ್ತಕದಲ್ಲಿ, ಯಾವುದಾದರೂ ಪದವನ್ನು ಅಥವಾ ಪ್ರಾರ್ಥನೆಯನ್ನು ಶಾಂತವಾಗಿ ಪುನರುಚ್ಚರಿಸಿದರೆ ದೇಹದ ಒತ್ತಡ ಇಳಿಯುತ್ತದೆಂದು ಪ್ರತಿಪಾದಿಸಿದರು. ಅದರಿಂದ ದೇಹಕ್ಕೆ ಉಪಕಾರವಾಗುವುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮೊಬೈಲಿನ ಆ್ಯಪ್‌ನಲ್ಲಿ ಎಣಿಸುವ ಝಿಕ್ರ್ ಅಷ್ಟೇ ಫಲ ಕೊಡುವ ಸಾಧನವೆಂದು ಇದನ್ನು ನೆಚ್ಚಿ ಬೋಧಿಸುವವರು, ಬಡ್ಡಿಯ ಸಾಲ, ಸಹೋದರಿಗೆ ಕೊಡದ ಆಸ್ತಿಪಾಲು, ಆಳಿಗೆ ಬಾಕಿ ಉಳಿಸಿದ ಕೂಲಿ ಇವನ್ನೆಲ್ಲ ಹಾಗೆಯೇ ಬಿಟ್ಟು ನೆಮ್ಮದಿಯನ್ನು ಮಾತ್ರ ಬೇಡುವವರನ್ನು ಬೆಳೆಸುತ್ತಿದ್ದಾರೆ. ಗಝಾಲಿಯವರಿಗೆ ಇದು ಒಪ್ಪಿತವಾಗುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಭಿಪ್ರಾಯ ಇನ್ನೂ ಅಪಾಯಕಾರಿ: ಈಮಾನ್, ಅಂದರೆ ಧರ್ಮವಿಶ್ವಾಸ, ಗಟ್ಟಿಯಾಗಿದ್ದವನಿಗೆ ಖಿನ್ನತೆ ಬಾರದು, ಬಂದರೆ ಅದು ಈಮಾನಿನ ದೌರ್ಬಲ್ಯ ಎಂಬುದು. ಈ ಮಾತಿಗೆ ಇಸ್ಲಾಮಿನ ವಿದ್ವತ್ಪರಂಪರೆಯಲ್ಲಿ ಆಧಾರವಿಲ್ಲ. ಗಝಾಲಿಯವರಿಗಿಂತ ಮೊದಲೇ, 934ರಲ್ಲಿ ತೀರಿಕೊಂಡ ಅಬೂ ಝೈದ್ ಬಲ್ಖೀ, ದೇಹ ಮತ್ತು ಮನಸ್ಸುಗಳ ಆರೋಗ್ಯ ಕುರಿತ ತಮ್ಮ ಗ್ರಂಥದಲ್ಲಿ ಕಾರಣ ತಿಳಿದ ದುಃಖವನ್ನೂ ಕಾರಣ ತೋರದ ದುಃಖವನ್ನೂ ಬೇರ್ಪಡಿಸಿ, ಎರಡನೆಯದರ ಮೂಲವನ್ನು ದೇಹದಲ್ಲಿ ಹುಡುಕಿದರು. ಆರೋಗ್ಯವಿದ್ದಾಗಲೇ ಔಷಧಗಳನ್ನು ತಂದಿಟ್ಟುಕೊಳ್ಳುವ ಹಾಗೆ ಒಳ್ಳೆಯ ಆಲೋಚನೆಗಳನ್ನೂ ಮನಸ್ಸಿನಲ್ಲಿ ಕೂಡಿಟ್ಟಿರಬೇಕೆಂದೂ ಅವರು ಸೂಚಿಸಿದರು. ಆ ಗ್ರಂಥದ ಮನಸ್ಸಿನ ಭಾಗವನ್ನು ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಇಂಗ್ಲಿಷಿಗೆ ತಂದು ಮಹದುಪಕಾರ ಮಾಡಿದ್ದಾರೆ. ದತ್ತಿಯ ಹೆಸರಿಗೆ ಕಾರಣರಾದ ಗುರುಗಳು ಇದ್ದಿದ್ದರೆ ಅದು ಕನ್ನಡಕ್ಕೆ ಬರಲೆಂದು ಮೊದಲು ಹಂಬಲಿಸುವವರು ಅವರೇ ಆಗಿರುತ್ತಿದ್ದರು.

ಹೆಬ್ರಾನಿನ ಪ್ರತಿಜ್ಞೆಯ ಪ್ರಶ್ನೆ ಕನ್ನಡ ನೆಲಕ್ಕೆ ಅಪರಿಚಿತವಲ್ಲ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಝ್ ಅವರು ಚಿಶ್ತಿ ಪರಂಪರೆಯವರು; ಅರಸರ ಬಾಗಿಲಿನಿಂದ ದೂರವಿರಬೇಕೆಂದು ಬಗೆದ ದೆಹಲಿಯ ನಿಝಾಮುದ್ದೀನ್ ಔಲಿಯಾ ಆ ಪರಂಪರೆಯ ಹಿರಿಯರು. ಆಶ್ರಯದಾತನ ಹಣಕ್ಕೂ ಅಂತರಂಗದ ನೆಮ್ಮದಿಗೂ ಇರುವ ತಿಕ್ಕಾಟವನ್ನು ಈ ಗುರುಪರಂಪರೆಗಳು ತಲೆಮಾರುಗಳ ಕಾಲ ಎದುರಿಸಿದವು.

ಮಸೀದಿಗಳ ಖತೀಬರಲ್ಲಿ, ಆಡಳಿತ ಸಮಿತಿಗಳವರಲ್ಲಿ, ಮನೆಯ ಹಿರಿಯರಲ್ಲಿ ಈ ಉಪನ್ಯಾಸದ ಬೇಡಿಕೆ ಎರಡೇ. ಶುಕ್ರವಾರದ ಖುತ್ಬಾ ಪ್ರವಚನದಲ್ಲಿ ಮನಶ್ಶಾಂತಿಯ ಮಾತು ಬಂದಾಗ ‘ಇಹ್ಯಾ’ದ ಒಂಬತ್ತನೆಯ ಪುಸ್ತಕದ ಜೊತೆಗೆ ಸಂಪಾದನೆ ಮತ್ತು ಹಲಾಲ್ ಕುರಿತ ಹದಿಮೂರು, ಹದಿನಾಲ್ಕನೆಯ ಪುಸ್ತಕಗಳನ್ನೂ ಜನರ ಮುಂದಿಡಬೇಕು, ಮನಸ್ಸು ಕುಗ್ಗಿ ಮಾತು ನಿಂತ ಮಗನನ್ನೋ ಮಗಳನ್ನೋ ಕಂಡಾಗ ಈಮಾನನ್ನು ಶಂಕಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.