ಗೀಸರ್ ಹಾಕಿದ್ರೆ ಕರೆಂಟ್ ಟ್ರಿಪ್ ಆಗ್ತಿದ್ಯಾ? ಬೈಪಾಸ್ ಮಾಡಿಸೋಕೆ ಮುಂಚೆ ಇದನ್ನು ಕೇಳಿ

ಚಳಿ ಶುರುವಾಗಿದೆ. ಬೆಂಗಳೂರಲ್ಲಿ ಬೆಳಿಗ್ಗೆ ತಣ್ಣೀರು ಮುಟ್ಟೋಕೂ ಧೈರ್ಯ ಬೇಕು. ಹಾಗಾಗಿ ಇವತ್ತಿನ ಎಪಿಸೋಡ್ ಗೀಸರ್ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಇದೆಲ್ಲ ಗೊತ್ತಾಗಿದ್ದು ನಮ್ಮ ಮನೆಯಲ್ಲಿ ಪೆಟ್ಟು ತಿಂದ ಮೇಲೆ.

ಹೋದ ಡಿಸೆಂಬರ್‌ನಲ್ಲಿ ಗೀಸರ್ ಸ್ವಿಚ್ ಹಾಕಿದ್ರೆ ಸಾಕು, ಇಡೀ ಮನೆಯ ಕರೆಂಟ್ ಹೋಗ್ತಿತ್ತು. ರಿಪೇರಿಗೆ ಬಂದವರು ಬೋರ್ಡ್ ನೋಡಿ, "ಇಎಲ್‌ಸಿಬಿ ವೀಕ್ ಆಗಿದೆ ಸಾರ್, ಬೈಪಾಸ್ ಮಾಡಿಬಿಡ್ತೀನಿ" ಅಂದ್ರು. ಹತ್ತು ನಿಮಿಷದ ಕೆಲಸ. ಟ್ರಿಪ್ ಆಗೋದು ನಿಂತಿತು, ನಮಗೂ ಖುಷಿ. ಮೂರನೇ ದಿನ ಅಮ್ಮ ಬಚ್ಚಲಿಂದ ಹೊರಗೆ ಬಂದು, "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತು ಕಣೋ" ಅಂದ್ರು.

ತಕ್ಷಣ ಮೇನ್ ಆಫ್ ಮಾಡಿ ಬೇರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಗೀಸರ್ ಬಿಚ್ಚಿದರೆ ಒಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು, ಪ್ಲಗ್‌ನ ಅರ್ಥಿಂಗ್ ವೈರ್ ಸಡಿಲವಾಗಿತ್ತು. ಕಾಯಿಲ್‌ನಿಂದ ಸೋರಿದ ಕರೆಂಟ್ ನೀರಿಗೂ ಪೈಪಿಗೂ ಬರ್ತಿತ್ತು. ಅದನ್ನು ಹಿಡಿದು ನಿಲ್ಲಿಸ್ತಿದ್ದ ಇಎಲ್‌ಸಿಬಿಯನ್ನೇ ನಾವು ತೆಗೆಸಿ ಹಾಕಿದ್ವಿ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಡೆಬಿಟ್, ಕ್ರೆಡಿಟ್ ಟ್ಯಾಲಿ ಆದ ಹಾಗೆ. ಲೆಕ್ಕ ತಪ್ಪಿತು ಅಂದ್ರೆ ಉಳಿದದ್ದು ಎಲ್ಲೋ ಸೋರ್ತಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕೋ ಆರ್‌ಸಿಸಿಬಿ, ನಮ್ಮ ಬಾಯಲ್ಲಿ ಇಎಲ್‌ಸಿಬಿ, 30 ಮಿಲಿಆಂಪ್ ವ್ಯತ್ಯಾಸ ಬರೋದ್ರೊಳಗೆ ಆಫ್ ಆಗುತ್ತೆ. ಅದನ್ನು ಬೈಪಾಸ್ ಮಾಡೋದು ಅಂದ್ರೆ, ಲೆಕ್ಕ ತಪ್ಪಿದೆ ಅಂದ ಆಡಿಟರ್‌ನನ್ನೇ ಮನೆಗೆ ಕಳಿಸಿದ ಹಾಗೆ.

ಸರಿ, ತೊಂದರೆ ಬಂದಾಗ ಏನು ನೋಡಬೇಕು?

ಮೊದಲು ಯಾವುದು ಬಿದ್ದಿದೆ ನೋಡಿ. ಗೀಸರ್ ಹಾಕಿದಾಗಲೆಲ್ಲ ಇಎಲ್‌ಸಿಬಿ ಬಿದ್ರೆ ಕಾಯಿಲ್ ಅಥವಾ ವೈರಿನಲ್ಲಿ ಸೋರಿಕೆ ಇರೋ ಸಾಧ್ಯತೆ ಹೆಚ್ಚು. ಎಂಸಿಬಿ ಮಾತ್ರ ಬಿದ್ರೆ ಓವರ್‌ಲೋಡ್ ಅಥವಾ ಶಾರ್ಟ್. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ. ಅದಕ್ಕೆ 16 ಆಂಪ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಪ್ಲಗ್ ಕಪ್ಪಾಗಿದ್ರೆ ಕನೆಕ್ಷನ್ ಸಡಿಲ ಇದೆ.

ಕರೆಂಟ್ ಇದೆ, ನೀರು ಬಿಸಿಯಾಗ್ತಿಲ್ವಾ? ಥರ್ಮೋಸ್ಟಾಟ್, ಕಟ್‌ಔಟ್ ಅಥವಾ ಕಾಯಿಲ್ ಚೆಕ್ ಮಾಡಿಸಿ.

ಬಿಸಿಯಾಗುತ್ತೆ, ಆದರೆ ತುಂಬಾ ಹೊತ್ತು ಬೇಕಾ? 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಬರೋಕೆ 2 ಕಿಲೋವ್ಯಾಟ್ ಗೀಸರ್‌ಗೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಸಾಕು, ಖರ್ಚು ಮುಕ್ಕಾಲು ಯೂನಿಟ್‌ನ ಆಸುಪಾಸು. ತುಂಬಾ ಜಾಸ್ತಿ ಆಗ್ತಿದ್ರೆ, ಒಳಗೆ ಗುಳುಗುಳು ಸದ್ದೂ ಬಂದ್ರೆ, ಕಾಯಿಲ್ ಮೇಲೆ ಬಿಳಿ ಉಪ್ಪು ಕಟ್ಟಿರಬಹುದು. ಬೋರ್‌ವೆಲ್ ಗಡಸು ನೀರಿನ ಮನೆಗಳಲ್ಲಿ ಇದು ಮಾಮೂಲು. ಹೀಗೆ ಬಿಟ್ರೆ ಕಾಯಿಲ್ ಕಾದು ಕಾದು ಕೊನೆಗೆ ಒಡೆಯುತ್ತೆ. ಸರ್ವಿಸ್ ಮಾಡಿಸುವಾಗ ಮೆಗ್ನೀಷಿಯಂ ರಾಡನ್ನೂ ನೋಡಿಸಿ, ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ಕಾಯೋದು ಅದೇ.

ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬಿದ್ರೆ ಗಾಬರಿ ಬೇಡ. ಬಿಸಿಯಾದ ನೀರು ಹಿಗ್ಗುತ್ತೆ, ಆ ಒತ್ತಡ ಹೊರಗೆ ಹೋಗಲೇಬೇಕು. ಅಲ್ಲಿಗೆ ಎಂಸೀಲ್ ಮೆತ್ತೋಕೆ ಹೋಗ್ಬೇಡಿ.

ಕೊನೆಗೆ ಒಂದು ಮನವಿ. ನಿಮ್ಮ ಮನೆಯ ಇಎಲ್‌ಸಿಬಿ ಮೇಲೆ 'ಟಿ' ಅಂತ ಒಂದು ಸಣ್ಣ ಬಟನ್ ಇರುತ್ತೆ. ಇವತ್ತೇ ಒತ್ತಿ ನೋಡಿ. ಮನೆಯ ಕರೆಂಟ್ ಹೋಗಬೇಕು. ಹೋಗಲಿಲ್ಲ ಅಂದ್ರೆ ನಾಳೆಯೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಆ ಬಾಕ್ಸೇ ಇಲ್ಲ ಅಂದ್ರೆ ಹಾಕಿಸಿ. ಅಲ್ಲಿವರೆಗೂ ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಹೋಗಿ. ನಮ್ಮಮ್ಮನಿಗೆ ಆವತ್ತು ಬರೀ ಕೈ ಜುಮ್ ಅಂದಿದ್ದು ನಮ್ಮ ಅದೃಷ್ಟ.